ಮಲೆನಾಡಿನ ಕ್ಷೇತ್ರಕಾರ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಮಾಜವಿಜ್ಞಾನದ ಎಂ.ಎ. ಕಿರುಪ್ರಬಂಧಕ್ಕೋ ಪಿಎಚ್.ಡಿ.ಗೋ ಮನೆ ಮನೆ ತಿರುಗಲು ಹೊರಟವರಿಂದ ಬಂದಿವೆ. ವಿಧಾನದ ಪ್ರಶ್ನೆ ಒಂದು ಕಡೆ, ನೀತಿಯ ಪ್ರಶ್ನೆ ಇನ್ನೊಂದು ಕಡೆ ಎಂದು ನಾವು ವಿಂಗಡಿಸಿಲ್ಲ. ಹೆದರಿಕೊಂಡು ಕೂತವರು ಸರಿಯಾದ ಉತ್ತರ ಕೊಡುವುದಿಲ್ಲ. ಹೀಗಾಗಿ ಮಾಹಿತಿದಾರರನ್ನು ಕಾಯುವ ಕೆಲಸವೂ ಮಾಹಿತಿಯ ಗುಣಮಟ್ಟ ಕಾಯುವ ಕೆಲಸವೂ ಜೊತೆಜೊತೆಗೇ ನಡೆಯಬೇಕು.

ಪ್ರಶ್ನೆ: ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನನ್ನ ಅಧ್ಯಯನ. ಮಜರೆಗಳೆಲ್ಲ ಸೇರಿ ಸುಮಾರು 640 ಮನೆ, ಬಹಳಷ್ಟು ತೋಟದ ನಡುವಿನ ಒಂಟಿಮನೆಗಳು. ‘ರ‍್ಯಾಂಡಮ್ ಆಗಿ 100 ಮನೆ ತಗೋ’ ಎಂದು ಗೈಡ್ ಹೇಳಿದ್ದಾರೆ. ಹೇಗೆ ಆರಿಸಲಿ? 100 ಸಾಕೆ?
(ಎಂ.ಎ. ವಿದ್ಯಾರ್ಥಿನಿ, ಸಾಗರ)

ಉತ್ತರ: ಸಾಕೋ ಸಾಲದೋ ಎನ್ನುವುದು ನಿಮಗೆ ಎಷ್ಟು ನಿಖರತೆ ಬೇಕು ಎನ್ನುವುದರ ಮೇಲೆ ನಿಂತಿದೆ. ಶೇ. 95 ವಿಶ್ವಾಸ ಮಟ್ಟ, ಶೇ. 5 ದೋಷಮಿತಿ, ಅಂದರೆ ನೂರರಲ್ಲಿ 95 ಸಲ ಮಾದರಿಯ ಅಂಕಿ ನಿಜದಿಂದ 5 ಅಂಶಕ್ಕಿಂತ ಆಚೀಚೆ ಹೋಗಬಾರದು ಎಂದು ಇಟ್ಟುಕೊಂಡರೆ ಪುಸ್ತಕದ ಸೂತ್ರ 384 ಎನ್ನುತ್ತದೆ. ಆದರೆ ಅದು ದೊಡ್ಡ ಜನಸಂಖ್ಯೆಯ ಲೆಕ್ಕ. ನಿಮ್ಮಲ್ಲಿ ಇರುವುದೇ 640 ಮನೆಯಾದ್ದರಿಂದ ತಿದ್ದುಪಡಿ ಮಾಡಿದರೆ ಸುಮಾರು 240ಕ್ಕೆ ಇಳಿಯುತ್ತದೆ. 100 ಮನೆ ಮಾಡಿದರೆ ದೋಷಮಿತಿ ಹತ್ತಿರಹತ್ತಿರ ಶೇ. 9. ಒಂಟಿಮನೆಗಳ ಊರಿನಲ್ಲಿ ಮುಕ್ಕಾಲು ಗಂಟೆಯ ಸಂದರ್ಶನವಾದರೆ ದಿನಕ್ಕೆ ಆರು ಮನೆ ಮುಗಿಸುವುದೇ ಹೆಚ್ಚು. 240 ಮನೆ ಎಂದರೆ 40 ದಿನ, 100 ಎಂದರೆ 17 ದಿನ. ಎಂ.ಎ. ಕಿರುಪ್ರಬಂಧಕ್ಕೆ 100 ಮನೆ ಮಾಡಿ, ಶೇ. 9ರ ದೋಷಮಿತಿಯನ್ನು ಮುಚ್ಚಿಡದೆ ಬರೆಯುವುದು ಮರ್ಯಾದೆಯ ದಾರಿ. ಆದರೆ ಆ 100ರೊಳಗೆ ‘ಮಹಿಳಾ ಯಜಮಾನಿಕೆಯ, ಎರಡು ಎಕರೆಯೊಳಗಿನ ಕುಟುಂಬಗಳು’ ಎಂದು ಮತ್ತೆ ಸೀಳಿ 11 ಮನೆಗೆ ಶೇಕಡಾವಾರು ಲೆಕ್ಕ ಹಾಕಬೇಡಿ. ಅಲ್ಲಿ ಸಂಖ್ಯೆಯನ್ನಷ್ಟೇ ಕೊಡಿ.

ಇನ್ನು ಆರಿಸುವ ಕೆಲಸ. ‘ರ‍್ಯಾಂಡಮ್’ ಎಂದರೆ ಸಿಕ್ಕಿದವರನ್ನು ಮಾತಾಡಿಸುವುದು ಎಂದು ತಿಳಿದವರು ತುಂಬ ಜನ. ಪ್ರತಿ ಮನೆಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟು ಎಂಬುದು ನಿಮಗೆ ಗೊತ್ತಿರಬೇಕು. ಇಷ್ಟಕ್ಕೆ ಮೊದಲು ಮನೆಪಟ್ಟಿ ಬೇಕು. ಬಯಲುಸೀಮೆಯ ಒತ್ತೊತ್ತಾದ ಊರಿನಲ್ಲಿ ಬೀದಿಯ ತುದಿಯಿಂದ ಬಲಗೈ ಕಡೆಯ ಪ್ರತಿ ಐದನೇ ಮನೆ ಎಂದು ಹೋಗಬಹುದು. ಮಲೆನಾಡಿನಲ್ಲಿ ಹಾಗೆ ಹೊರಟರೆ ಬಸ್ಸು ನಿಲ್ಲುವ ರಸ್ತೆಯ ಅಕ್ಕಪಕ್ಕದ ಮನೆಗಳೇ ಮಾದರಿಯಾಗುತ್ತವೆ. ದಣಪೆ ದಾಟಿ, ಸಂಕ ದಾಟಿ ಹೋಗಬೇಕಾದ ಮನೆ ಬಿಟ್ಟುಹೋಗುತ್ತದೆ. ರಸ್ತೆ, ಆಸ್ಪತ್ರೆ, ಶಾಲೆ, ಸಾಲ ಎಲ್ಲದರಲ್ಲೂ ಆ ಒಳಗಿನ ಮನೆಯ ಪಾಡು ಬೇರೆ. ಅದನ್ನೇ ಬಿಟ್ಟರೆ ಅಧ್ಯಯನ ಯಾರದ್ದಾಯಿತು?

ಪಟ್ಟಿಗೆ ಮೂರು ಮೂಲಗಳಿವೆ: ಮತದಾರರ ಪಟ್ಟಿ, ಪಂಚಾಯಿತಿಯ ಮನೆಗಂದಾಯದ ಪಟ್ಟಿ, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷಾ ಪುಸ್ತಕ. ಒಂದೊಂದರಲ್ಲೂ ಒಂದೊಂದು ಕೊರತೆ. ಮತದಾರರ ಪಟ್ಟಿಯಲ್ಲಿ ಬೆಂಗಳೂರು ಸೇರಿದವರ ಹೆಸರೂ ತೀರಿಕೊಂಡವರ ಹೆಸರೂ ಉಳಿದಿರುತ್ತವೆ, ಪಾಲಾದ ಅಣ್ಣತಮ್ಮಂದಿರು ಒಂದೇ ಮನೆ ನಂಬರಿನಡಿ ಇರುತ್ತಾರೆ. ಕಂದಾಯದ ಪಟ್ಟಿಯಲ್ಲಿ ದಾಖಲೆಯಿಲ್ಲದ ಜಾಗದ ಮನೆಗಳು ಸಿಗದೆ ಹೋಗಬಹುದು. ಹೊರಗಿನಿಂದ ಬಂದು ತೋಟದ ಲೈನ್ ಮನೆಯಲ್ಲಿರುವ ಕೂಲಿಯವರು ಎರಡರಲ್ಲೂ ತಪ್ಪಿಹೋಗುತ್ತಾರೆ. ಆಶಾ ಪುಸ್ತಕ ಎಲ್ಲಕ್ಕಿಂತ ತಾಜಾ, ಆದರೆ ಅದರಲ್ಲಿ ಬಸುರಿಯರ ವಿವರ, ಕಾಯಿಲೆಯ ವಿವರ ಇರುತ್ತದೆ. ಅದರ ಪುಟಗಳ ಫೋಟೊ ತೆಗೆಯಲೇಬಾರದು. ಆರೋಗ್ಯ ಕೇಂದ್ರದ ಅನುಮತಿ ಪಡೆದು, ಮಜರೆಯ ಹೆಸರು ಮತ್ತು ಯಜಮಾನ ಅಥವಾ ಯಜಮಾನಿಯ ಹೆಸರು ಎರಡನ್ನೇ ಓದಿ ಹೇಳುವಂತೆ ಅವರನ್ನು ಕೇಳಿಕೊಳ್ಳಿ, ನೀವು ಬರೆದುಕೊಳ್ಳಿ. ಆಮೇಲೆ ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಮನೆ ಯಾವುದು ಎಂದು ಊರಿನ ನೀರುಗಂಟಿಯನ್ನು ಕೇಳಿ. ಎರಡು ದಿನದ ಕೆಲಸ. ಈ ಎರಡು ದಿನ ಉಳಿಸಲು ಹೋದವರ ಪ್ರಬಂಧ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಪಟ್ಟಿಯನ್ನು ಮಜರೆವಾರು ಜೋಡಿಸಿ 1ರಿಂದ 640ರವರೆಗೆ ನಂಬರ್ ಹಾಕಿ. 100 ಸಂದರ್ಶನ ಕೈಗೆ ಬರಬೇಕಾದರೆ 128 ಮನೆ ಆರಿಸಿ, ಯಾಕೆಂದರೆ ಬೀಗ ಹಾಕಿದ ಮನೆ, ಒಪ್ಪದ ಮನೆ ಇದ್ದೇ ಇರುತ್ತವೆ. 640ನ್ನು 128ರಿಂದ ಭಾಗಿಸಿದರೆ 5. ಒಂದರಿಂದ ಐದರವರೆಗೆ ಚೀಟಿ ಎತ್ತಿ. 3 ಬಂದರೆ 3, 8, 13, 18 ಹೀಗೆ ಕೊನೆಯ ತನಕ. ಪಟ್ಟಿ ಮಜರೆವಾರು ಇರುವುದರಿಂದ ದೊಡ್ಡ ಮಜರೆಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ ಎಂದು ತಾನಾಗಿಯೇ ಹಂಚಿಕೆಯಾಗುತ್ತದೆ.

ಕೆಡುವುದು ಇಲ್ಲಿಂದ ಮುಂದೆ. ಹತ್ತಿರದ ಮನೆಗಳನ್ನು ಮೊದಲು ಮುಗಿಸಿ, 100 ಆದ ಕೂಡಲೇ ನಿಲ್ಲಿಸಿದರೆ ಮತ್ತೆ ರಸ್ತೆ ಬದಿಯ ಮಾದರಿಯೇ ಆಯಿತು. 128 ಮನೆಗೂ ಹೋಗಲೇಬೇಕು. ಬಾಗಿಲು ಹಾಕಿದ್ದರೆ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ದಾಖಲಿಸಿ, ಪಕ್ಕದ ಮನೆಯನ್ನು ಬದಲಿಗೆ ತೆಗೆದುಕೊಳ್ಳಬೇಡಿ. ಸಿಗದ ಮನೆಗಳು ಹೆಚ್ಚಾಗಿ ಕೂಲಿಗೆ ಹೋದವರವು. ಪಕ್ಕದ ಮನೆಯಲ್ಲಿ ಸಿಗುವವರು ಮನೆಯಲ್ಲೇ ಇರುವಷ್ಟು ಅನುಕೂಲವಿದ್ದವರು. ಹೀಗೆ ಬದಲಾಯಿಸುತ್ತ ಹೋದರೆ ಬಡತನ ಅಂಕಿಯಿಂದ ಸದ್ದಿಲ್ಲದೆ ಜಾರಿಬಿಡುತ್ತದೆ.

ಹಸಲರ ಕೇರಿಯಂಥ 30 ಮನೆಯ ಸಣ್ಣ ಕೇರಿಯನ್ನು ಉಳಿದವರೊಂದಿಗೆ ಹೋಲಿಸಬೇಕಿದ್ದರೆ ಈ ಕ್ರಮದಲ್ಲಿ ಆರೇ ಮನೆ ಬರುತ್ತವೆ, ಅದು ಸಾಲದು. ಆ ಕೇರಿಯ 30 ಮನೆಯನ್ನೂ ಪೂರ್ತಿ ಮಾಡಿ. ಇಡೀ ಪಂಚಾಯಿತಿಯ ಸರಾಸರಿ ತೆಗೆಯುವಾಗ ಮಾತ್ರ ಆ ಮನೆಗಳಿಗೆ 1, ಉಳಿದ ಮನೆಗಳಿಗೆ 5 ತೂಕ ಕೊಡಿ.

ಮನೆಯಲ್ಲಿ ಯಾರನ್ನು ಕೇಳಬೇಕು ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ಜಗಲಿಯ ಮೇಲೆ ಕೂತಿದ್ದ ಗಂಡಸು ಉತ್ತರಿಸುವುದು ರೂಢಿ. ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರನ್ನು ಕೇಳು ಎನ್ನುವ ನಗರದ ಉಪಾಯ, ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿರುವ ಮನೆಯಲ್ಲಿ ನಡೆಯುವುದಿಲ್ಲ. 18 ದಾಟಿದವರ ಹೆಸರನ್ನು ವಯಸ್ಸಿನ ಕ್ರಮದಲ್ಲಿ ಬರೆದು, ಅವರೆದುರೇ ಚೀಟಿ ಎತ್ತಿ.

ಪ್ರಶ್ನೆ: ಸಮ್ಮತಿ ಪತ್ರಕ್ಕೆ ಸಹಿ ಕೇಳಿದರೆ ಜನ ಹಿಂಜರಿಯುತ್ತಾರೆ. ಹೆಬ್ಬೆಟ್ಟು ಹಾಕಿಸಬಹುದೇ? ಸಹಿಯಿಲ್ಲದಿದ್ದರೆ ನನ್ನ ಮಾಹಿತಿ ಅಸಿಂಧುವೇ?
(ಸಂಶೋಧನಾ ವಿದ್ಯಾರ್ಥಿ, ತೀರ್ಥಹಳ್ಳಿ)

ಉತ್ತರ: ಹೆಬ್ಬೆಟ್ಟು ಬೇಡ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ ಕಾಗದವೆಂದರೆ ಸಾಲದ್ದೋ ಜಮೀನಿನದ್ದೋ ಎಂಬುದು ತಲೆಮಾರುಗಳ ಅನುಭವ. ಸಹಿ ಸಮ್ಮತಿಗೆ ಒಂದು ಪುರಾವೆ, ಅಷ್ಟೇ. ಅಪಾಯ ಕಡಿಮೆಯಿರುವ ಅಧ್ಯಯನದಲ್ಲಿ, ನೀತಿ ಸಮಿತಿ (ಸಂಶೋಧನೆಗೆ ನೈತಿಕ ಅನುಮತಿ ಕೊಡುವ ಸಮಿತಿ) ಒಪ್ಪಿದರೆ ಬಾಯಿಮಾತಿನ ಸಮ್ಮತಿಯೂ ನಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೂ ಇದಕ್ಕೆ ಅವಕಾಶವಿದೆ. ಆದರೆ ಬಾಯಿಮಾತು ಎಂದರೆ ‘ಮಾತಾಡ್ಬೋದಾ?’ ‘ಹೂಂ’ ಎಂದಲ್ಲ. ಏನು ಹೇಳಬೇಕೋ ಅದನ್ನು ಬರೆದಿಟ್ಟುಕೊಂಡು, ಪ್ರತಿ ಮನೆಯಲ್ಲೂ ಅಷ್ಟನ್ನೂ ಹೇಳಬೇಕು. ಎರಡು ನಿಮಿಷ ಸಾಕು. ಮಾತು ಹೀಗಿರಲಿ:

‘ನಾನು ಯೂನಿವರ್ಸಿಟಿಯಲ್ಲಿ ಓದ್ತಾ ಇದೀನಿ. ಸರ್ಕಾರದಿಂದ ಬಂದಿಲ್ಲ, ಬ್ಯಾಂಕಿನಿಂದ ಬಂದಿಲ್ಲ. ಮನೆ ಖರ್ಚು, ಸಾಲ, ಕೆಲಸದ ಬಗ್ಗೆ ಕೇಳ್ತೀನಿ, ಮುಕ್ಕಾಲು ಗಂಟೆ ಹಿಡಿಯತ್ತೆ. ಇದರಿಂದ ನಿಮಗೆ ಮನೆ, ಸಾಲ, ಪೆನ್ಷನ್ ಏನೂ ಸಿಗಲ್ಲ. ಹೇಳದಿದ್ರೆ ಇರೋದು ಹೋಗೋದೂ ಇಲ್ಲ. ಬೇಡ ಅನ್ನಿಸಿದ ಪ್ರಶ್ನೆ ಬಿಡಬಹುದು, ಮಧ್ಯದಲ್ಲಿ ಸಾಕು ಅಂತ ಎದ್ದೂ ಹೋಗಬಹುದು. ನಿಮ್ಮ ಹೆಸರು, ಊರಿನ ಹೆಸರು ಪುಸ್ತಕದಲ್ಲಿ ಬರಲ್ಲ. ನಾಳೆ ಬೇಡ ಅನ್ನಿಸಿದ್ರೆ ಈ ನಂಬರಿಗೆ ಫೋನ್ ಮಾಡಿ, ಅಳಿಸಿ ಹಾಕ್ತೀನಿ.’

‘ಏನೂ ಸಿಗಲ್ಲ, ಏನೂ ಹೋಗಲ್ಲ’ ಎನ್ನುವ ಮಾತನ್ನು ಬಿಡಲೇಬೇಡಿ. ಅದನ್ನು ಹೇಳದಿದ್ದರೆ ಆಸೆಯವರು ಆದಾಯ ಇಳಿಸಿ ಹೇಳುತ್ತಾರೆ, ಅಂಜಿಕೆಯವರು ಸಾಲ ಮುಚ್ಚಿಡುತ್ತಾರೆ. ‘ಅಳಿಸಿ ಹಾಕ್ತೀನಿ’ ಎಂದದ್ದಕ್ಕೆ ಒಂದು ಗಡುವೂ ಬೇಕು. ಲೆಕ್ಕಾಚಾರ ಶುರುವಾದ ಮೇಲೆ ತೆಗೆಯುವುದು ಕಷ್ಟ, ಆದ್ದರಿಂದ ತಿಂಗಳು ಹೇಳಿ. ಧ್ವನಿಮುದ್ರಣಕ್ಕೆ, ಫೋಟೊಕ್ಕೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿ. ಒಂದಕ್ಕೆ ಹೂಂ ಎಂದವರು ಇನ್ನೊಂದಕ್ಕೆ ಬೇಡ ಎನ್ನಬಹುದು. ಕೊನೆಗೆ ದಿನಾಂಕ, ಮನೆಯ ಸಂಕೇತ ಸಂಖ್ಯೆ, ಯಾವುದಕ್ಕೆಲ್ಲ ಒಪ್ಪಿದರು ಎಂಬುದನ್ನು ಬರೆದು ಸಹಿ ಹಾಕಬೇಕಾದವರು ನೀವು.

ಪಂಚಾಯಿತಿ ಸದಸ್ಯರನ್ನೋ ಸಂಘದ ಅಧ್ಯಕ್ಷೆಯನ್ನೋ ಜೊತೆಗೆ ಕರೆದುಕೊಂಡು ಹೋದರೆ ಬಾಗಿಲು ಬೇಗ ತೆರೆಯುತ್ತದೆ ನಿಜ, ಆದರೆ ಅಲ್ಲಿ ಸಿಕ್ಕಿದ್ದು ಸಮ್ಮತಿಯಲ್ಲ, ದಾಕ್ಷಿಣ್ಯ. ಪರಿಚಯ ಮಾಡಿಸಿ ಅವರು ಹೊರಟುಹೋಗಲಿ. ಇನ್ನೊಂದು, ನಮ್ಮ ಕಡೆಯ ಮನೆಗಳಲ್ಲಿ ಬಂದವರಿಗೆ ‘ಆಗಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಪದ್ಧತಿ ಇಲ್ಲ. ಬೆಲ್ಲ ನೀರು ಕೊಡುತ್ತಾರೆ, ಕಾಫಿ ಕೊಡುತ್ತಾರೆ, ಕೂರಿಸುತ್ತಾರೆ. ಆಮೇಲೆ ‘ಅಡುಗೆ ಆಗ್ಬೇಕಿತ್ತು’, ‘ದನ ಬರೋ ಹೊತ್ತಾಯ್ತು’ ಎಂಬ ಮಾತು ಎರಡು ಸಲ ಬಂದರೆ ಅದೇ ‘ಬೇಡ’. ಪುಸ್ತಕ ಮುಚ್ಚಿ ಏಳಿ.

ಪ್ರಶ್ನೆ: ಜಮೀನು ಎಷ್ಟಿದೆ ಎಂದು ಕೇಳಿದರೆ ಎಲ್ಲರೂ ಪಹಣಿಯಲ್ಲಿರುವಷ್ಟೇ ಹೇಳುತ್ತಾರೆ. ನಿಜವಾಗಿ ಸಾಗುವಳಿ ಅದಕ್ಕಿಂತ ಹೆಚ್ಚಿರುವುದು ಊರಿಗೆಲ್ಲ ಗೊತ್ತು. ಅಡಿಕೆ ಮರದ ಲೆಕ್ಕ ಕೇಳಿ ಎಕರೆ ಅಂದಾಜು ಮಾಡಬಹುದು ಎಂದು ಸ್ನೇಹಿತರೊಬ್ಬರು ಹೇಳಿದರು. ಸರ್ವೆ ನಂಬರ್ ಬರೆದುಕೊಂಡರೆ ಆಮೇಲೆ ತಾಳೆ ನೋಡಬಹುದು ಎನ್ನುವ ಸಲಹೆಯೂ ಬಂತು. ಸರಿಯೇ?
(ಸಂಶೋಧಕ, ಹೊಸನಗರ)

ಉತ್ತರ: ಎರಡೂ ಬೇಡ. ಮರದ ಲೆಕ್ಕದ ಉಪಾಯ ತಾಂತ್ರಿಕವಾಗಿ ಸರಿ. 9 ಅಡಿಗೆ 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. 1,600 ಮರ ಎಂದವರ ತೋಟ ಮೂರು ಎಕರೆ, ಪಹಣಿಯಲ್ಲಿ ಎರಡಿದ್ದರೆ ಉಳಿದದ್ದು ಎಲ್ಲಿಂದ ಬಂತು ಎಂದು ನೀವು ಕೂತಲ್ಲೇ ಕಂಡುಕೊಳ್ಳಬಹುದು. ಆದರೆ ಮುಚ್ಚಿಡಬೇಕು ಎಂದು ಆ ಮನುಷ್ಯ ತೀರ್ಮಾನಿಸಿದ ಸಂಗತಿಯನ್ನು, ಅವನಿಗೆ ಗೊತ್ತಾಗದಂತೆ ಅವನ ಬಾಯಿಂದಲೇ ಹೊರಡಿಸಿದ ಹಾಗಾಯಿತು. ‘ಬೇಡವಾದದ್ದು ಹೇಳಬೇಡಿ’ ಎಂದು ಮೊದಲು ಕೊಟ್ಟ ಮಾತಿಗೆ ಬೆಲೆ ಉಳಿಯಿತೇ? ಇಳುವರಿಯ ಅಧ್ಯಯನಕ್ಕೆ ಮರದ ಸಂಖ್ಯೆ ಬೇಕಿದ್ದರೆ ಕೇಳಿ, ಆದರೆ ಆ ಸಂಖ್ಯೆಯನ್ನು ಪಹಣಿಯ ಜೊತೆ ಕೂಡಿಸಿ ಕಳೆದು ಒತ್ತುವರಿ ಲೆಕ್ಕ ತೆಗೆಯಬೇಡಿ.

ಸರ್ವೆ ನಂಬರ್ ಇನ್ನೂ ಅಪಾಯ. ಕಕ್ಷಿದಾರ ಹೇಳಿದ್ದನ್ನು ಬಹಿರಂಗಪಡಿಸದಿರಲು ವಕೀಲರಿಗೆ ಕಾನೂನಿನ ರಕ್ಷಣೆ ಇದೆ, ಸಂಶೋಧಕರಿಗೆ ಅಂಥದ್ದಿಲ್ಲ. ನಾಳೆ ನ್ಯಾಯಾಲಯ ನಿಮ್ಮ ಟಿಪ್ಪಣಿ ಕೇಳಿದರೆ ‘ಗೌಪ್ಯವಾಗಿಡುತ್ತೇನೆ ಎಂದಿದ್ದೆ’ ಎನ್ನುವ ಉತ್ತರ ನಿಲ್ಲುವುದು ಕಷ್ಟ. ಬರೆದುಕೊಳ್ಳದೇ ಇದ್ದದ್ದನ್ನು ಮಾತ್ರ ಯಾರೂ ಕೇಳಲಾರರು. ನಿಮ್ಮ ಪ್ರಶ್ನೆಗೆ ಉತ್ತರ ಸಿಗಲು ಸರ್ವೆ ನಂಬರ್ ಬೇಕೇ ಬೇಕೆ ಎಂದು ನೀವೇ ಕೇಳಿಕೊಳ್ಳಿ. ಹತ್ತರಲ್ಲಿ ಒಂಬತ್ತು ಅಧ್ಯಯನಕ್ಕೆ ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು ಪದ ಬದಲಿಸಿ. ‘ಒತ್ತುವರಿ’ ನೋಟಿಸಿನಲ್ಲಿ ಬರುವ ಪದ. ಬಗರ್ ಹುಕುಂ ಸಕ್ರಮಕ್ಕೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವ ಮನೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟ ಮನೆ, ಶರಾವತಿ ಮುಳುಗಡೆಯಿಂದ ಎದ್ದು ಬಂದು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುವ ಮನೆ, ಇವುಗಳೆದುರು ಆ ಪದ ಎತ್ತಿದರೆ ಮುಂದಿನ ಮಾತೆಲ್ಲ ಪಹಣಿಯೊಳಗೇ ನಿಲ್ಲುತ್ತದೆ. ‘ಎಲ್ಲಾ ಸೇರಿ ನೀವು ಸಾಗುವಳಿ ಮಾಡ್ತಿರೋದು ಈ ಕಾರ್ಡಿನಲ್ಲಿ ಯಾವ ಸಾಲಿಗೆ ಬರುತ್ತೆ?’ ಎಂದು ಕೇಳಿ. ಕಾರ್ಡಿನಲ್ಲಿ 1 ಎಕರೆಯೊಳಗೆ, 1ರಿಂದ 3, 3ರಿಂದ 5, 5ಕ್ಕಿಂತ ಹೆಚ್ಚು ಎಂಬ ನಾಲ್ಕು ಸಾಲು ಇರಲಿ. ನಿಖರ ಗುಂಟೆ ಕಳೆದುಕೊಳ್ಳುತ್ತೀರಿ, ಬದಲಿಗೆ ನಿಜಕ್ಕೆ ಹತ್ತಿರದ ಉತ್ತರ ಸಿಗುತ್ತದೆ.

ದಾಖಲೆಯಿಲ್ಲದ ಸಾಗುವಳಿ ಎಷ್ಟು ಮನೆಗಳಲ್ಲಿದೆ ಎಂಬುದೇ ನಿಮ್ಮ ಮುಖ್ಯ ಪ್ರಶ್ನೆಯಾಗಿದ್ದರೆ, ವಾರ್ನರ್ ಎಂಬ ಸಂಶೋಧಕ 1965ರಲ್ಲಿ ಮುಂದಿಟ್ಟ ಯಾದೃಚ್ಛಿಕ (ರ‍್ಯಾಂಡಮ್) ಉತ್ತರ ವಿಧಾನದ ಸರಳ ರೂಪವೊಂದನ್ನು ಬಳಸಬಹುದು. ಮಾಹಿತಿದಾರರು ನಿಮಗೆ ಕಾಣದಂತೆ ನಾಣ್ಯ ಚಿಮ್ಮುತ್ತಾರೆ. ರಾಜನ ಮುಖ, ಅಂದರೆ ಸಿಂಹಗಳ ಮುದ್ರೆಯ ಬದಿ ಬಿದ್ದರೆ ನಿಜ ಏನೇ ಇರಲಿ ‘ಹೌದು’ ಎನ್ನಬೇಕು. ಇನ್ನೊಂದು ಬದಿ ಬಿದ್ದರೆ ಮಾತ್ರ ಪ್ರಶ್ನೆಗೆ ನಿಜವಾದ ಉತ್ತರ. ‘ಹೌದು’ ಎಂದವರು ನಾಣ್ಯದಿಂದ ಅಂದರೋ ನಿಜಕ್ಕೆ ಅಂದರೋ ನಿಮಗೂ ಗೊತ್ತಾಗುವುದಿಲ್ಲ. 200 ಜನರಲ್ಲಿ 130 ‘ಹೌದು’ ಬಂತು ಎನ್ನೋಣ. ನಾಣ್ಯದ ಲೆಕ್ಕಕ್ಕೆ ಸುಮಾರು 100 ಹೋಯಿತು. ನಿಜ ಹೇಳಬೇಕಿದ್ದ ಉಳಿದ 100ರಲ್ಲಿ 30 ‘ಹೌದು’, ಅಂದರೆ ಶೇ. 30. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೇರ ಪ್ರಶ್ನೆಗೆ ಇದೇ 200 ಜನರಲ್ಲಿ ದೋಷಮಿತಿ ಶೇ. 6ರ ಆಸುಪಾಸಿನಲ್ಲಿದ್ದರೆ, ಇಲ್ಲಿ ಶೇ. 13. ಹಾಗಾಗಿ 60, 70 ಮನೆಯ ಅಧ್ಯಯನಕ್ಕೆ ಇದು ಹೊಂದುವುದಿಲ್ಲ. ವಿಧಾನ ಅರ್ಥವಾಗದೆ ಗಾಬರಿಯಾಗುವವರು ಇರುತ್ತಾರೆ. ‘ಇವತ್ತು ಬೆಳಿಗ್ಗೆ ಕಾಫಿ ಕುಡಿದಿರಾ?’ ಎಂಬ ನಿರಪಾಯದ ಪ್ರಶ್ನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ ಮುಂದುವರಿಯಿರಿ.

ಬರೆದಿಡುವಾಗಲೂ ಎಚ್ಚರ ಬೇಕು. ಕೋಬೊ, ಒಡಿಕೆ ಮುಂತಾದ ಸಮೀಕ್ಷೆಯ ಆ್ಯಪ್‌ಗಳಲ್ಲಿ ನಮೂನೆ ಮಾಡುವಾಗ ಜಿಪಿಎಸ್ ಪ್ರಶ್ನೆ ಸೇರಿಸಬೇಡಿ. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಆನ್ ಇದ್ದರೆ ತೋಟದ ಒಂದು ಫೋಟೊವೇ ಸರ್ವೆ ನಂಬರಿಗೆ ಸಮ, ಅದನ್ನು ಆಫ್ ಮಾಡಿ. ಹೆಸರು ಮತ್ತು ಸಂಕೇತ ಸಂಖ್ಯೆಯ ಪಟ್ಟಿ ಒಂದು ಪುಸ್ತಕದಲ್ಲಿ, ಉತ್ತರಗಳು ಇನ್ನೊಂದರಲ್ಲಿ ಇರಲಿ. ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಬೇಡಿ.

ಪ್ರಕಟಿಸುವಾಗ ಊರಿನ ಹೆಸರು ಬದಲಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ‘ಹಿನ್ನೀರಿನ ದಡದ, 22 ಮನೆಯ, ಒಂದೇ ಒಂದು ಪಾಳು ಅಕ್ಕಿ ಗಿರಣಿ ಇರುವ ಊರು’ ಎಂದು ಬರೆದರೆ ತಾಲ್ಲೂಕಿನವರಿಗೆಲ್ಲ ಗೊತ್ತಾಗುತ್ತದೆ. ಮನೆಗಳ ಸಂಖ್ಯೆಯನ್ನು ‘20ರಿಂದ 30’ ಎನ್ನಿ, ಗಿರಣಿ ಬಿಡಿ. ಕೋಷ್ಟಕದ ಯಾವುದೇ ಚೌಕದಲ್ಲಿ 5ಕ್ಕಿಂತ ಕಡಿಮೆ ಕುಟುಂಬ ಬಂದರೆ ಪಕ್ಕದ ಗುಂಪಿನೊಂದಿಗೆ ಸೇರಿಸಿ.

ಪ್ರಶ್ನೆ: ಇಂಗ್ಲಿಷಿನ ಸಿದ್ಧ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದೆ. 20 ಹೇಳಿಕೆಗಳಿಗೆ ಐದು ಹಂತದ ಉತ್ತರ. ಸ್ವಸಹಾಯ ಸಂಘದ ಮಹಿಳೆಯರಲ್ಲಿ ಪೂರ್ವ ಪರೀಕ್ಷೆ ಮಾಡಿದಾಗ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.48 ಬಂತು. ಎಲ್ಲಿ ತಪ್ಪಿದೆ?
(ಉಪನ್ಯಾಸಕಿ, ಶಿಕಾರಿಪುರ)

ಉತ್ತರ: 0.7 ಆದರೂ ಇರಬೇಕು ಎಂಬುದು ರೂಢಿ, ಹೀಗಾಗಿ 0.48 ತೀರಾ ಕಡಿಮೆ. ಮೊದಲ ಅನುಮಾನ ನಕಾರಾತ್ಮಕ ಹೇಳಿಕೆಗಳ ಮೇಲೆ. ಅವುಗಳ ಅಂಕವನ್ನು ತಿರುಗಿಸಿದ್ದೀರಾ ನೋಡಿ, ಅಂದರೆ 5 ಇದ್ದದ್ದು 1, 4 ಇದ್ದದ್ದು 2. ಇದೊಂದು ಮರೆತರೆ ಆಲ್ಫಾ ಕುಸಿಯುತ್ತದೆ. ತಿರುಗಿಸಿದ ಮೇಲೂ ಏಳದಿದ್ದರೆ ತೊಂದರೆ ಭಾಷೆಯದು. ‘ಸಂಘದ ಸಭೆಗೆ ಹೋಗೋದಿಲ್ಲ ಅಲ್ವಾ?’ ಎಂದರೆ ಕನ್ನಡದಲ್ಲಿ ‘ಹೌದು’ ಎಂದರೂ ಹೋಗೋದಿಲ್ಲ, ‘ಇಲ್ಲ’ ಎಂದರೂ ಹೋಗೋದಿಲ್ಲ. ‘ಮನೆಯ ನಿರ್ಧಾರಗಳಲ್ಲಿ ನನಗೆ ಸ್ವಾತಂತ್ರ್ಯವಿಲ್ಲ’ ಎಂಬ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂದು ಹೇಳಿಸುವುದು ಎರಡು ‘ಇಲ್ಲ’ಗಳ ಗಂಟು. ಬಾಯಿಮಾತಿನ ಸಂದರ್ಶನದಲ್ಲಿ ನಕಾರದ ಹೇಳಿಕೆಗಳನ್ನು ಆದಷ್ಟು ತೆಗೆದುಹಾಕಿ.

ಎರಡನೆಯದು ಪದಗಳು. ‘ಆರ್ಥಿಕ ನಿರ್ಧಾರ ಕೈಗೊಳ್ಳಲು ನಾನು ಸಬಲಳಾಗಿದ್ದೇನೆ’ ಎಂದರೆ ಸಂಘದ ತರಬೇತಿಯಲ್ಲಿ ಕಲಿತ ಮಾತಿಗೆ ‘ಸಂಪೂರ್ಣ ಒಪ್ಪುತ್ತೇನೆ’ ಎಂಬ ಉತ್ತರ ಬರುತ್ತದೆ. ಅದರ ಬದಲು ನಡೆದದ್ದನ್ನು ಕೇಳಿ: ‘ಕಳೆದ 30 ದಿನದಲ್ಲಿ ಒಂದೇ ಸಲ 500 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿದ್ದು ಇದೆಯಾ? ಯಾತಕ್ಕೆ? ಯಾರನ್ನಾದರೂ ಕೇಳಿ ಮಾಡಿದ್ರಾ?’ ‘ಸಂಘದಿಂದ ಆದಾಯ ಮತ್ತು ಗೌರವ ಹೆಚ್ಚಿದೆ’ ಎಂಬಂಥ ಜೋಡಿ ಹೇಳಿಕೆ ಇದ್ದರೆ ಎರಡು ಮಾಡಿ. ಆದಾಯ ಹೆಚ್ಚಿ ಗೌರವ ಹೆಚ್ಚದ ಹೆಂಗಸು ಏನು ಹೇಳಬೇಕು?

‘ಒಪ್ಪುತ್ತೇನೆ’, ‘ಬಹಳ ಒಪ್ಪುತ್ತೇನೆ’ ಇವುಗಳ ಅಂತರ ಕಿವಿಗೆ ತಿಳಿಯುವುದು ಕಷ್ಟ. ಐದು ಅಡಿಕೆ ಮುಂದಿಟ್ಟು, ‘ಪೂರ್ತಿ ಹೌದು ಅಂದ್ರೆ ಐದೂ ಇಡಿ, ಏನೇನೂ ಅಲ್ಲ ಅಂದ್ರೆ ಒಂದು’ ಎಂದು ಹೇಳಿ. ಎಣಿಸಿ ಬರೆದುಕೊಳ್ಳಿ. ಅನುವಾದವನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. 10ರಿಂದ 15 ಮಹಿಳೆಯರ ಜೊತೆ ಕೂತು ಒಂದೊಂದು ಪ್ರಶ್ನೆಗೂ ‘ನಾನು ಏನು ಕೇಳಿದೆ ಅಂತ ನಿಮಗೆ ಅನ್ನಿಸ್ತು?’ ಎಂದು ಕೇಳಿದರೆ ಸಿಗುವಷ್ಟು ತಿದ್ದುಪಡಿ ಬೇರೆಲ್ಲೂ ಸಿಗುವುದಿಲ್ಲ. ಆಲ್ಫಾ ಏರಿಸಲೆಂದು ಹೊಂದದ ಹೇಳಿಕೆಗಳನ್ನು ಒಂದೊಂದಾಗಿ ಕಿತ್ತುಹಾಕುವ ಮೊದಲು ಇದನ್ನು ಮಾಡಿ. ಸಾಲದ ಪ್ರಶ್ನೆಗಳನ್ನು ಮಾತ್ರ ಸಂಘದ ಸಭೆಯಲ್ಲಿ, ಬೇರೆಯವರ ಎದುರು ಕೇಳಲೇಬೇಡಿ. ಯಾವ ಕಂತು ತಪ್ಪಿದೆ ಎನ್ನುವುದು ಅಲ್ಲಿ ಕೂತ ಎಲ್ಲರಿಗೂ ಸಂಬಂಧಿಸಿದ ಸಂಗತಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ 265 ಉತ್ತರ ಪಡೆದಿದ್ದೇನೆ. ಯಾದೃಚ್ಛಿಕ ಮಾದರಿ ಎಂದು ಬರೆಯಬಹುದೇ?
(ಶಿವಮೊಗ್ಗ)

ಉತ್ತರ: ಇಲ್ಲ. ಅನುಕೂಲದ ಮಾದರಿ ಎಂದು ಬರೆಯಿರಿ, ಯಾವ ಬಗೆಯ ಗುಂಪುಗಳು, ಎಷ್ಟು ಜನರಿಗೆ ತಲುಪಿತು ಎಂಬುದನ್ನು ಕೊಡಿ. ‘ಜಿಲ್ಲೆಯ ಯುವಜನರಲ್ಲಿ ಶೇ. ಇಷ್ಟು’ ಎಂಬ ವಾಕ್ಯ ಬೇಡ, ‘ಉತ್ತರಿಸಿದವರಲ್ಲಿ’ ಎಂದಿರಲಿ. ಇಮೇಲ್ ವಿಳಾಸ ಸಂಗ್ರಹಿಸುವ ಆಯ್ಕೆ ಆನ್ ಆಗಿತ್ತೇ ನೋಡಿ. ಆನ್ ಇದ್ದರೆ ನಿಮ್ಮ ‘ಅನಾಮಧೇಯ’ ಸಮೀಕ್ಷೆ ಅನಾಮಧೇಯವಲ್ಲ, ಆ ಕಾಲಂ ಈಗಲೇ ಅಳಿಸಿ.

ಪ್ರಶ್ನೆ: ಹೈಸ್ಕೂಲು ಮಕ್ಕಳ ಅಧ್ಯಯನಕ್ಕೆ ಮುಖ್ಯೋಪಾಧ್ಯಾಯರ ಅನುಮತಿ ಸಾಕೇ?
(ಬಿ.ಎಡ್. ಪ್ರಶಿಕ್ಷಣಾರ್ಥಿ, ಸೊರಬ)

ಉತ್ತರ: ಅದು ಶಾಲೆಯ ಆವರಣಕ್ಕೆ ಸಿಕ್ಕ ಅನುಮತಿ. 18ರೊಳಗಿನವರಿಗೆ ತಂದೆ, ತಾಯಿ ಅಥವಾ ಪೋಷಕರ ಸಮ್ಮತಿ ಬೇಕು, ಅದರ ಮೇಲೆ ಮಗುವಿನ ಸ್ವಂತ ಒಪ್ಪಿಗೆಯೂ ಬೇಕು. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ 7ರಿಂದ 12 ವರ್ಷದವರಿಗೆ ಬಾಯಿಮಾತಿನ, 12ರಿಂದ 18ರವರಿಗೆ ಬರಹದ ಒಪ್ಪಿಗೆ ಹೇಳುತ್ತದೆ. ಆ ಅಳತೆಯನ್ನೇ ಇಟ್ಟುಕೊಳ್ಳಿ. ತರಗತಿಯಲ್ಲಿ ಶಿಕ್ಷಕರು ನಿಂತಿರುವಾಗ ‘ಇಷ್ಟ ಇಲ್ಲದವರು ಕೈ ಎತ್ತಿ’ ಎಂದರೆ ಯಾವ ಮಗುವೂ ಎತ್ತುವುದಿಲ್ಲ. ಎಲ್ಲರಿಗೂ ಹಾಳೆ ಕೊಟ್ಟು, ಬೇಡದವರು ಖಾಲಿ ಮಡಚಿ ಡಬ್ಬಿಗೆ ಹಾಕಲಿ.

ಮಕ್ಕಳಿಗೆ ‘ನೀವು ಹೇಳಿದ್ದು ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಸಂಶೋಧಕರಿಗೂ ವಿನಾಯಿತಿ ಇಲ್ಲ. ‘ನಿಮಗೆ ಅಪಾಯ ಇದೆ ಅಂತ ಗೊತ್ತಾದರೆ ಮಾತ್ರ ಸಹಾಯ ಮಾಡುವವರಿಗೆ ಹೇಳ್ತೀನಿ’ ಎಂದು ಮೊದಲೇ ಹೇಳಿ. ಮಕ್ಕಳ ಸಹಾಯವಾಣಿ 1098 ಪ್ರತಿ ಹಾಳೆಯ ಕೊನೆಯಲ್ಲಿ ಇರಲಿ.

ಪ್ರಶ್ನೆ: ಮಂಗನ ಕಾಯಿಲೆ ಬಂದ ಕುಟುಂಬಗಳ ಆರ್ಥಿಕ ಸ್ಥಿತಿಯ ಅಧ್ಯಯನ ಮಾಡಬೇಕಿದೆ. ಆರೋಗ್ಯ ಕೇಂದ್ರದಿಂದ ರೋಗಿಗಳ ಪಟ್ಟಿ ಪಡೆಯಬಹುದೇ? ನೀತಿ ಸಮಿತಿಗೆ ಮಾಹಿತಿ ಸಂಗ್ರಹದ ನಂತರ ಅರ್ಜಿ ಹಾಕಿದರೆ ನಡೆಯುತ್ತದೆಯೇ?
(ಸಮಾಜಕಾರ್ಯ ವಿದ್ಯಾರ್ಥಿ, ಸಾಗರ)

ಉತ್ತರ: ನಂತರದ ಅರ್ಜಿ ನಡೆಯುವುದಿಲ್ಲ. ಅನುಮತಿ ಮೊದಲ ಸಂದರ್ಶನಕ್ಕಿಂತ ಮುಂಚೆ ಕೈಯಲ್ಲಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದಾಗಿನಿಂದ ಈ ಕಾಯಿಲೆ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಕಾಡುತ್ತಿದೆ. ಅಂಥ ಮನೆಗೆ ‘ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು’ ಎಂದು ಅಪರಿಚಿತರು ಬಂದು ನಿಂತರೆ, ಮುಂದಿನ ಸಲ ಜ್ವರ ಬಂದಾಗ ಅವರು ಆರೋಗ್ಯ ಕೇಂದ್ರಕ್ಕೆ ಹೋಗಲು ಹಿಂಜರಿದಾರು. ಪಟ್ಟಿ ಕೇಳಬೇಡಿ. ನಿಮ್ಮ ಅಧ್ಯಯನದ ವಿವರವಿರುವ ಅರ್ಧ ಪುಟವನ್ನು ವೈದ್ಯಾಧಿಕಾರಿಗೆ ಕೊಡಿ. ಸಿಬ್ಬಂದಿ ಆ ಮನೆಗಳಿಗೆ ತಿಳಿಸಲಿ, ಒಪ್ಪಿದವರ ಫೋನ್ ನಂಬರ್ ಮಾತ್ರ ನಿಮಗೆ ಬರಲಿ. ಸಾವು ಕಂಡ ಮನೆಯಲ್ಲಿ ಖರ್ಚಿನ ಪ್ರಶ್ನೆಯಿಂದ ಶುರು ಮಾಡಬೇಡಿ. ಮಾತು ನಿಂತರೆ ರೆಕಾರ್ಡರ್ ಆಫ್ ಮಾಡಿ ಸುಮ್ಮನೆ ಕೂತಿರಿ, ಮುಂದುವರಿಸಬೇಕೋ ಬೇಡವೋ ಅವರೇ ಹೇಳಲಿ.

ಪ್ರಶ್ನೆ: ಸಂದರ್ಶನಗಳ ಧ್ವನಿಮುದ್ರಣ, ಟಿಪ್ಪಣಿಗಳನ್ನು ಹೇಗೆ ಕಾಪಾಡಬೇಕು?
(ಪಿಎಚ್.ಡಿ. ವಿದ್ಯಾರ್ಥಿನಿ, ಶಂಕರಘಟ್ಟ)

ಉತ್ತರ: ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳಿಗೆ ಮೂರು ಪ್ರತಿ ಇದ್ದವು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಮೂರೂ ಸುಟ್ಟುಹೋದವು, ಏಕೆಂದರೆ ಮೂರೂ ಒಂದೇ ಕಡೆ ಇದ್ದವು. ಪ್ರತಿ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಜಾಗದಲ್ಲಿದೆ ಎನ್ನುವುದು ಮುಖ್ಯ. ಲ್ಯಾಪ್‌ಟಾಪಿನಲ್ಲಿ ಒಂದು, ಬೇರೆ ಮನೆಯಲ್ಲಿಟ್ಟ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ ಒಂದು, ಎರಡಕ್ಕೂ ಪಾಸ್‌ವರ್ಡ್. ಮೂರನೆಯದನ್ನು ಕ್ಲೌಡಿಗೆ ಹಾಕುವುದಾದರೆ ಫೈಲನ್ನು ಮೊದಲು ಪಾಸ್‌ವರ್ಡ್ ಹಾಕಿ ಮುಚ್ಚಿ. ಫೋನು ತಾನಾಗಿ ಅಪ್‌ಲೋಡ್ ಮಾಡುವುದನ್ನು ನಿಲ್ಲಿಸಿ. ಮಾತನ್ನು ಬರಹಕ್ಕಿಳಿಸುವ ಉಚಿತ ಆನ್‌ಲೈನ್ ಸೌಲಭ್ಯಗಳಿಗೆ ಧ್ವನಿ ಹಾಕುವುದೂ ಮೂರನೆಯವರಿಗೆ ಕೊಟ್ಟಂತೆಯೇ. ಸಮ್ಮತಿಯಲ್ಲಿ ಅದನ್ನು ಹೇಳಿರದಿದ್ದರೆ ಹಾಕಬಾರದು.

ಒಂದು ಗಂಟೆಯ ಧ್ವನಿಯನ್ನು ಕೈಯಾರೆ ಬರೆಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹವ್ಯಕರ ಮಾತಿರಲಿ, ದೀವರ ಮಾತಿರಲಿ, ಪುಸ್ತಕದ ಕನ್ನಡಕ್ಕೆ ತಿದ್ದದೆ ಇದ್ದ ಹಾಗೆ ಬರೆದುಕೊಳ್ಳಿ. ತಿದ್ದಿದ ಮಾತನ್ನು ವಿಶ್ಲೇಷಿಸಿದರೆ ನಿಮ್ಮ ಮಾತನ್ನೇ ವಿಶ್ಲೇಷಿಸಿದಂತೆ. ಆದರೆ ಉದ್ಧರಿಸುವಾಗ ಆ ಆಡುಮಾತೇ ಜಾತಿ, ಊರು ಬಿಟ್ಟುಕೊಡುತ್ತದೆಯೇ ಎಂದು ನೋಡಿ, ಬಿಟ್ಟುಕೊಡುವಂತಿದ್ದರೆ ಅಲ್ಲಿ ಮಾತ್ರ ಸಾರಾಂಶ ಕೊಡಿ. ಮಳೆಗಾಲದ ನೋಟ್‌ಪುಸ್ತಕಕ್ಕೆ ಜೆಲ್ ಪೆನ್ ಬೇಡ, ಒಂದು ಹನಿ ಬಿದ್ದರೆ ಪುಟವೇ ಹೋಗುತ್ತದೆ. ಪೆನ್ಸಿಲ್ ಅಥವಾ ಬಾಲ್ ಪೆನ್ ಬಳಸಿ, ಜಿಪ್ ಕವರಿನಲ್ಲಿಡಿ, ರಾತ್ರಿಯೇ ಪುಟಗಳ ಫೋಟೊ ತೆಗೆದು ಪಾಸ್‌ವರ್ಡಿರುವ ಫೋಲ್ಡರಿಗೆ ಹಾಕಿ.

ಪ್ರಶ್ನೆ: ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಸಂದರ್ಶನಕ್ಕೆ ಹಣ ಕೊಡಬೇಕೇ?
(ತೀರ್ಥಹಳ್ಳಿ)

ಉತ್ತರ: ತೂಕದ ಲೆಕ್ಕದಲ್ಲಿ ಅಡಿಕೆ ಸುಲಿಯುವವರಿಗೆ ಒಂದು ಗಂಟೆ ಎಂದರೆ ದುಡ್ಡೇ. ಸುಲಿಯುತ್ತಲೇ ಮಾತಾಡಲಿ ಎಂದು ಚಪ್ಪರದಲ್ಲಿ ಕೂತರೆ ಕೆಲಸ ಕೆಡುವುದಿಲ್ಲ, ಆದರೆ ಹತ್ತು ಜನರ ಕಿವಿಯೆದುರು ಕೂಲಿ, ಮುಂಗಡದ ಮಾತು ಬರುವುದಿಲ್ಲ. ಅಲ್ಲಿ ಊರಿನ ರೂಢಿ, ಕೆಲಸದ ಕ್ರಮದಂಥ ಸಾಮಾನ್ಯ ವಿಷಯಗಳನ್ನಷ್ಟೇ ಕೇಳಿ. ಒಬ್ಬೊಬ್ಬರನ್ನೇ ಬೇರೆ ಕೂರಿಸುವುದಾದರೆ ಆ ಹೊತ್ತಿನ ಕೂಲಿಯಷ್ಟನ್ನು ಎಲ್ಲರಿಗೂ ಸಮನಾಗಿ ಕೊಡಿ, ಮಧ್ಯದಲ್ಲಿ ಎದ್ದು ಹೋದವರಿಗೂ ಕೊಡಿ, ಪ್ರಬಂಧದಲ್ಲಿ ಬರೆಯಿರಿ. ಕೂಲಿಗಿಂತ ಹೆಚ್ಚು ಕೊಟ್ಟರೆ ಹಣಕ್ಕಾಗಿ ಒಪ್ಪಿದರೋ ಮನಸ್ಸಿನಿಂದ ಒಪ್ಪಿದರೋ ತಿಳಿಯುವುದಿಲ್ಲ.

ಪ್ರಶ್ನೆ: ಕೃತಿಚೌರ್ಯದ ಮಿತಿ ಶೇ. 10 ಎನ್ನುತ್ತಾರೆ. ಕನ್ನಡದ ಪ್ರಬಂಧಕ್ಕೂ ಅನ್ವಯವೇ?
(ಭದ್ರಾವತಿ)

ಉತ್ತರ: ಯುಜಿಸಿಯ 2018ರ ನಿಯಮಾವಳಿ ಭಾಷೆಯ ಭೇದ ಮಾಡುವುದಿಲ್ಲ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ, ಕೃತಜ್ಞತೆಗಳು ಲೆಕ್ಕಕ್ಕಿಲ್ಲ. ಇಂಗ್ಲಿಷ್ ಲೇಖನದ ಪ್ಯಾರಾವನ್ನು ಮೂಲ ಹೇಳದೆ ಕನ್ನಡಕ್ಕೆ ಇಳಿಸಿದರೆ ತಂತ್ರಾಂಶ ಸೊನ್ನೆ ತೋರಿಸಬಹುದು, ಆದರೂ ಅದು ಕೃತಿಚೌರ್ಯವೇ. ಅನುವಾದ ನಿಮ್ಮದಾದರೆ ವಾಕ್ಯದ ಕೊನೆಗೆ ಮೂಲ ಲೇಖಕರ ಹೆಸರು, ವರ್ಷ, ಪುಟ ಹಾಕಿ, ‘ಅನುವಾದ ನನ್ನದು’ ಎಂದು ಅಡಿಟಿಪ್ಪಣಿ ಕೊಡಿ.